ಹಳೇಬೀಡಿನ ಒಂದು ಫೈಸಲು

ಹಾಸನ ಜಿಲ್ಲೆಯ ಮೂರು ಊರುಗಳ ಹೆಸರನ್ನು ಕೇಳದವರು ಕನ್ನಡನಾಡಿನಲ್ಲಿ ವಿರಳ. ಅರಸೀಕೆರೆ ರೈಲ್ವೆ ಜಂಕ್ಷನ್ನಿನ ಊರು. ತೆಂಗಿನಕಾಯಿಯ ವ್ಯಾಪಾರಕ್ಕೆ ಹೆಸರಾದದ್ದು. ಬೇಲೂರು ಚೆನ್ನಕೇಶವನ ಊರು. ಹಳೇಬೀಡು, ಹೆಸರೇ ಹೇಳುವಂತೆ, ಹಳೆಯ ಬೀಡು, ಬಿಟ್ಟುಹೋದ ರಾಜಧಾನಿ. ಇಂದು ಅರಸೀಕೆರೆಗೆ ನಗರಸಭೆಯುಂಟು, ಬೇಲೂರಿಗೆ ಪುರಸಭೆಯುಂಟು, ಹಳೇಬೀಡಿಗೆ ಗ್ರಾಮ ಪಂಚಾಯಿತಿಯುಂಟು. ಸರಕಾರದ ಲೆಕ್ಕದಲ್ಲಿ ಮೊದಲನೆಯದು ಹಿರಿದು, ಕಡೆಯದು ಕಿರಿದು. ಆದರೆ ವೀರಬಲ್ಲಾಳನ ಕಾಲದಲ್ಲಿ ಯಾರಾದರೂ ಈ ಮೂರೂರುಗಳ ಅಂತಸ್ತನ್ನು ಎಣಿಸಿದ್ದರೆ ಈ ಪಟ್ಟಿಯನ್ನು ತಲೆಕೆಳಗು ಮಾಡಬೇಕಾಗುತ್ತಿತ್ತು. ಆಗ ದೋರಸಮುದ್ರವೆನಿಸಿದ್ದ ಹಳೇಬೀಡು ರಾಜಧಾನಿ, ಬೇಲೂರು ದೇವರ ಪಟ್ಟಣ, ಅರಸೀಕೆರೆ ಅರಸಿಯೊಬ್ಬಳ ಕೆರೆಯಿಂದ ಹೆಸರು ಪಡೆದು ಏಳಿಗೆಗೆ ಬಂದ ಊರು. ಊರುಗಳಿಗೂ ಮನುಷ್ಯರಿಗಿರುವಂತೆ ಏರಿಳಿತಗಳುಂಟು.

ಈ ಹೊತ್ತು ನಾನು ಹೇಳಬೇಕೆಂದಿರುವುದು ಇವುಗಳ ದೇವಾಲಯಗಳ ಶಿಲ್ಪವನ್ನಲ್ಲ. ಆ ವಿಷಯವನ್ನು ಬಲ್ಲವರು ಬೇಕಾದಷ್ಟು ಹೇಳಿದ್ದಾರೆ. 2023ನೆಯ ಇಸವಿಯಲ್ಲಿ ಬೇಲೂರು, ಹಳೇಬೀಡು, ಸೋಮನಾಥಪುರಗಳ ಗುಡಿಗಳು ವಿಶ್ವಪರಂಪರೆಯ ಪಟ್ಟಿಗೆ ಸೇರಿದ ಮೇಲಂತೂ ಹೇಳುವವರಿಗೆ ಕೊರತೆಯಿಲ್ಲ. ನನ್ನ ಪ್ರಶ್ನೆ ಬೇರೆ. ಆ ಗುಡಿಗಳ ಸುತ್ತ ಮನೆ ಮಾಡಿಕೊಂಡಿದ್ದ ಜನ ತಮ್ಮತಮ್ಮಲ್ಲಿ ಮನಸ್ತಾಪಕ್ಕೆ ಬಂದಾಗ ಅದನ್ನು ತೀರಿಸುತ್ತಿದ್ದವರು ಯಾರು? ಯಾವ ಅಧಿಕಾರದಿಂದ ತೀರಿಸುತ್ತಿದ್ದರು? ತೀರಿಸಿದ್ದು ಉಳಿಯುತ್ತಿತ್ತೆ?

ಈ ಪ್ರಶ್ನೆಗೆ ನಮ್ಮಲ್ಲಿ ಎರಡು ಸಿದ್ಧ ಉತ್ತರಗಳು ಬಹುಕಾಲದಿಂದ ಓಡಾಡುತ್ತಿವೆ. ಒಂದು, 1830ರಲ್ಲಿ ಸರ್ ಚಾರ್ಲ್ಸ್ ಮೆಟ್ಕಾಫ್ ಬರೆದಿಟ್ಟದ್ದು. ಹಿಂದೂಸ್ಥಾನದ ಹಳ್ಳಿಗಳು ಪುಟ್ಟ ಗಣರಾಜ್ಯಗಳು, ತಮಗೆ ಬೇಕಾದುದೆಲ್ಲ ಅವುಗಳಲ್ಲಿಯೇ ಉಂಟು, ರಾಜ್ಯಗಳು ಅಳಿದರೂ ಅವು ಅಳಿಯವು ಎಂದು ಆತನ ಮತ. ಇಂಗ್ಲಿಷ್ ಶಾಲೆಗಳಲ್ಲಿ ಓದಿದ ನಮ್ಮವರಿಗೆ ಇದು ಬಹಳ ಹಿಡಿಸಿತು. ಸ್ವರಾಜ್ಯದ ಮಾತು ಬಂದಾಗ ಮೆಟ್ಕಾಫನನ್ನು ನೆನೆಯದ ಉಪನ್ಯಾಸಕನೇ ಇರಲಿಲ್ಲವೆನ್ನಬಹುದು. ನಾನೂ ತರಗತಿಯಲ್ಲಿ ಆ ಪಾಠವನ್ನು ಒಪ್ಪಿಸಿದವನೇ. ಇನ್ನೊಂದು ಉತ್ತರ ಇದಕ್ಕೆ ತೀರ ವಿರುದ್ಧ. ಎಲ್ಲವೂ ಅರಸನ ಅಪ್ಪಣೆಯಿಂದ ನಡೆಯುತ್ತಿತ್ತು, ಊರವರದು ತಲೆಯಾಡಿಸುವ ಕೆಲಸ ಮಾತ್ರ ಎಂಬುದು ಅದರ ಸಾರ. ಶಾಸನಗಳನ್ನು ಬಿಡಿಬಿಡಿಯಾಗಿ ಓದಿದರೆ ಎರಡೂ ನಿಲ್ಲುವುದಿಲ್ಲ.

ಹೊಯ್ಸಳರ ಕಾಲದ ಶಾಸನಗಳಲ್ಲಿ ಊರಿನ ಆಡಳಿತದ ಸಭೆಗಳು ನಾನಾ ಹೆಸರಿನಿಂದ ಕಾಣಿಸಿಕೊಳ್ಳುತ್ತವೆ. ಅಗ್ರಹಾರಗಳಲ್ಲಿ ಮಹಾಜನಗಳು, ವ್ಯಾಪಾರದ ಪಟ್ಟಣಗಳಲ್ಲಿ ನಗರ ಅಥವಾ ನಖರ, ಅದಕ್ಕೆ ಮುಖ್ಯಸ್ಥನಾದ ಪಟ್ಟಣಸ್ವಾಮಿ, ಹಳ್ಳಿಗಳಲ್ಲಿ ಗಾವುಂಡರು, ಹಲವು ಹಳ್ಳಿಗಳು ಸೇರಿದರೆ ನಾಡು. ಇವುಗಳ ನಿತ್ಯದ ಕೆಲಸವೆಂದರೆ ನೀರು ಮತ್ತು ತೆರಿಗೆ. ಕೆರೆಯ ಏರಿ ಒಡೆಯದಂತೆ ನೋಡಿಕೊಳ್ಳಬೇಕು, ಹೂಳು ತೆಗೆಯುವ ಬಂಡಿಯನ್ನೂ ಕೋಣಗಳನ್ನೂ ಸಾಕಬೇಕು. ಇದಕ್ಕಾಗಿ ಗದ್ದೆಯನ್ನು ಬಿಟ್ಟುಕೊಡುವ ಪದ್ಧತಿಗೆ ಕಟ್ಟುಕೊಡಗೆ, ಬಿತ್ತುವಟ್ಟ ಮುಂತಾದ ಹೆಸರುಗಳಿದ್ದವು. ದೇವರ ನಂದಾದೀಪಕ್ಕೆ ಗಾಣವೊಂದಕ್ಕೆ ಇಷ್ಟು ಸೊಲ್ಲಗೆ ಎಣ್ಣೆ, ಎಲೆಯ ಹೇರಿಗೆ ಇಷ್ಟು ಎಲೆ, ಸಂತೆಗೆ ಬಂದ ಧಾನ್ಯದ ಚೀಲಕ್ಕೆ ಒಂದು ಬೊಗಸೆ ಎಂದು ವರ್ತಕರು ತಮಗೆ ತಾವೇ ತೆರಿಗೆ ಹಾಕಿಕೊಳ್ಳುತ್ತಿದ್ದುದೂ ಉಂಟು. ತಮಗೆ ತಾವೇ ಎಂಬುದನ್ನು ಗಮನಿಸಬೇಕು. ಕಂದಾಯ ಹೆಚ್ಚಿಸುವ ನಿರ್ಣಯವನ್ನು ಮಂಡಿಸಿ, ತಮ್ಮ ವಾರ್ಡಿನಲ್ಲಿ ತಲೆಯೆತ್ತಿ ತಿರುಗಾಡಬೇಕಾದ ಈ ಕಾಲದ ಕೌನ್ಸಿಲರುಗಳು ಇದನ್ನು ಓದಿ ನಿಟ್ಟುಸಿರು ಬಿಡುವುದು ಸಹಜ.

ಆದರೆ ಎಣ್ಣೆ, ನೀರು, ಹೂಳು ಇವೆಲ್ಲ ಸುಲಭದ ವಿಷಯಗಳು. ಕೆರೆ ಒಡೆದರೆ ಎಲ್ಲರ ಗದ್ದೆಯೂ ಒಣಗುವುದರಿಂದ ಎಲ್ಲರೂ ಕೂಡುತ್ತಾರೆ. ಒಂದು ಊರಿನ ಆಡಳಿತದ ಸತ್ವ ಗೊತ್ತಾಗುವುದು ಮಾನದ ವಿಷಯ ಬಂದಾಗ. ಒಬ್ಬನಿಗೆ ಕೊಟ್ಟರೆ ಇನ್ನೊಬ್ಬನಿಂದ ಕಿತ್ತುಕೊಂಡಂತಾಗುವ ವಸ್ತು ಬಂದಾಗ. ದೇವರು, ಮೆರವಣಿಗೆ, ಮೊದಲ ತಾಂಬೂಲ ಈ ಜಾತಿಯ ವಸ್ತುಗಳು.

ಅರಸೀಕೆರೆಯಲ್ಲಿ 1220ರಲ್ಲಿ ರೇಚರಸನೆಂಬ ದಂಡನಾಯಕ ಸಹಸ್ರಕೂಟ ಜಿನಾಲಯವನ್ನು ಕಟ್ಟಿಸಿದನು. ಅದೇ ಕಾಲದಲ್ಲಿ ಅದೇ ಊರಿನಲ್ಲಿ ಈಶ್ವರನಿಗೆ ಎದ್ದ ಗುಡಿ ನಕ್ಷತ್ರದ ಆಕಾರದ ಮಂಟಪಕ್ಕೆ ಹೆಸರಾಗಿ ಇಂದಿಗೂ ನಿಂತಿದೆ. ಜೈನನೂ ಶೈವನೂ ಒಂದೇ ಪೇಟೆಯಲ್ಲಿ ಒಂದೇ ಕಲ್ಲಿನಿಂದ ಮನೆದೇವರನ್ನು ಕಟ್ಟಿಕೊಂಡ ಕಾಲ ಅದು. ಬೇಲೂರಿನಲ್ಲಿ 1117ರಲ್ಲಿ ವಿಷ್ಣುವರ್ಧನ ಪ್ರತಿಷ್ಠೆ ಮಾಡಿಸಿದ ಕೇಶವನನ್ನು ಕುರಿತು, ಶೈವ, ವೇದಾಂತಿ, ಬೌದ್ಧ, ಜೈನ ಮೊದಲಾದವರೆಲ್ಲ ತಮ್ಮತಮ್ಮ ಹೆಸರಿನಿಂದ ಪೂಜಿಸುವವನು ಈತನೇ ಎಂಬ ಅರ್ಥದ ಸಂಸ್ಕೃತ ಶ್ಲೋಕವನ್ನು ಬೇಲೂರಿಗೆ ಹೋದವರೆಲ್ಲ ಕೇಳಿಯೇ ಇರುತ್ತಾರೆ. ಉದಾರವಾದ ಮಾತು. ಆದರೆ ಚರಿತ್ರೆಯ ವಿದ್ಯಾರ್ಥಿ ಶ್ಲೋಕಗಳನ್ನು ಕಂಡ ಕೂಡಲೆ ಸಂತೋಷಪಟ್ಟುಬಿಡಬಾರದು. ಶ್ಲೋಕವನ್ನು ಬರೆಯುವುದು ಸಮಾಧಾನದ ಕಾಲದಲ್ಲಿ. ಜಗಳದ ಕಾಲದಲ್ಲಿ ಯಾರೂ ಅದನ್ನು ಓದುವುದಿಲ್ಲ.

ಜಗಳಗಳು ಇರಲಿಲ್ಲವೆಂದೇನೂ ಅಲ್ಲ. ಇಂದಿನ ಹಾವೇರಿ ಜಿಲ್ಲೆಯ ಅಬ್ಬಲೂರಿನಲ್ಲಿ ಏಕಾಂತದ ರಾಮಯ್ಯನು ಜೈನರೊಡನೆ ಪಂತ ಕಟ್ಟಿ, ಗೆದ್ದು, ಜಿನಬಿಂಬವನ್ನು ಒಡೆದನೆಂದು ಅಲ್ಲಿನ ಶಾಸನವೇ ಹೆಮ್ಮೆಯಿಂದ ಹೇಳಿಕೊಳ್ಳುತ್ತದೆ. ಅರಸನಾದ ಬಿಜ್ಜಳ ಅವನಿಗೆ ಜಯಪತ್ರವನ್ನೂ ಕೊಟ್ಟನಂತೆ. ಪಂತದಲ್ಲಿ ಗೆದ್ದವನದು ಗುಡಿ, ಸೋತವನದು ನಷ್ಟ. ಅರಸನದು ಮುದ್ರೆ ಒತ್ತುವ ಕೆಲಸ. ಜಗಳವನ್ನು ತೀರಿಸಿದ ಹಾಗಾಯಿತೆ ಹೊರತು ಊರು ಒಂದಾಗಲಿಲ್ಲ.

ಇದಕ್ಕಿಂತ ಮೇಲಾದ ಇನ್ನೊಂದು ಮಾರ್ಗ 1368ರಲ್ಲಿ ಕಾಣಿಸಿತು. ಶ್ರವಣಬೆಳಗೊಳದ ಆ ಶಾಸನದ ವಿಷಯ ಓದಿದವರಿಗೆಲ್ಲ ಗೊತ್ತು. ಆದರೂ ಮುಂದೆ ಹೇಳುವ ಮಾತಿಗೆ ಅದು ಬೇಕು. ಆನೆಗೊಂದಿ, ಹೊಸಪಟ್ಟಣ, ಪೆನುಗೊಂಡೆ, ಕಲ್ಲೆಹ ಮುಂತಾದ ಕಡೆಯ ಜೈನರು, ಶ್ರೀವೈಷ್ಣವರಿಂದ ತಮಗೆ ಅನ್ಯಾಯವಾಗುತ್ತಿದೆಯೆಂದು ಬುಕ್ಕರಾಯನಲ್ಲಿ ದೂರು ಹೇಳಿಕೊಂಡರು. ಶ್ರೀರಂಗ, ತಿರುಪತಿ, ಕಂಚಿ, ಮೇಲುಕೋಟೆಗಳ ಆಚಾರ್ಯರಿಂದ ಹಿಡಿದು, ತಿರುಕುಲ ಜಾಂಬವಕುಲಗಳೆನಿಸಿದ ಕೆಳಜಾತಿಗಳ ಭಕ್ತರವರೆಗೆ ಎಲ್ಲರನ್ನೂ ಕರೆಸಿ, ರಾಯನು ಜೈನರ ಕೈಯನ್ನು ಹಿಡಿದು ವೈಷ್ಣವರ ಕೈಯಲ್ಲಿಟ್ಟನು. ಪಂಚಮಹಾವಾದ್ಯಗಳೂ ಕಳಶವೂ ಜೈನರಿಗೆ ಹಿಂದಿನಂತೆಯೇ ಸಲ್ಲಬೇಕು. ಜೈನದರ್ಶನಕ್ಕೆ ಬಂದ ಹಾನಿವೃದ್ಧಿಗಳನ್ನು ವೈಷ್ಣವರು ತಮಗೇ ಬಂದವೆಂದು ತಿಳಿಯಬೇಕು. ಜೈನರು ಮನೆಗೊಂದು ಹಣದಂತೆ ವರ್ಷವರ್ಷವೂ ಕೊಟ್ಟದ್ದನ್ನು ತಿರುಮಲೆಯ ತಾತಯ್ಯನೆಂಬ ವೈಷ್ಣವನು ಕೂಡಿಸಿ, ಬೆಳಗೊಳದ ದೇವರ ಕಾವಲಿಗೆ 20 ಆಳುಗಳನ್ನು ಇಟ್ಟು, ಉಳಿದ ಹಣದಿಂದ ಜೀರ್ಣವಾದ ಬಸದಿಗಳಿಗೆ ಸುಣ್ಣ ಬಳಿಸಬೇಕು.

ಈ ಏರ್ಪಾಡಿನಲ್ಲಿ ನನ್ನ ಮನಸ್ಸಿಗೆ ಹಿಡಿಸಿದ ವಿಷಯ ರಾಯನು ಕೈಹಿಡಿಸಿದ್ದಲ್ಲ. ಅದು ದರ್ಬಾರಿನ ದೃಶ್ಯ. ಚಿತ್ರ ಬರೆಯುವವರಿಗೆ ಒಳ್ಳೆಯದು. ಹಣ ಜೈನರದು, ಕಾಯುವ ಹೊಣೆ ವೈಷ್ಣವರದು ಎಂಬ ಭಾಗವಿದೆಯಲ್ಲ, ಅದರಲ್ಲಿ ಆಡಳಿತದ ಬುದ್ಧಿಯಿದೆ. ಯಾರಿಂದ ಭಯವೋ ಅವರನ್ನೇ ಕಾವಲಿಗೆ ಇಟ್ಟರು. ಶಾಸನದ ಆರಂಭದಲ್ಲಿ ಮಾತ್ರ ಪಾಷಂಡಿಗಳೆಂಬ ಸಮುದ್ರಕ್ಕೆ ಬಡಬಾಗ್ನಿಯಾದವನೆಂದು ರಾಮಾನುಜಾಚಾರ್ಯರ ಸ್ತುತಿ ಇದೆ! ಆ ಪಾಷಂಡಿಗಳಲ್ಲಿ ಜೈನರೂ ಸೇರುತ್ತಾರೆಂಬುದು ಬರೆದವರಿಗೂ ಬರೆಸಿದವರಿಗೂ ತಿಳಿಯದ ವಿಷಯವಲ್ಲ. ಸ್ತುತಿ ತಮ್ಮದು, ಷರತ್ತು ಇಬ್ಬರದು ಎಂದು ಆ ಕಾಲದವರು ಒಂದೇ ಕಲ್ಲಿನ ಮೇಲೆ ಎರಡಕ್ಕೂ ಜಾಗ ಮಾಡಿಕೊಟ್ಟರು. ಆದರೆ ಇದೆಲ್ಲ ನಡೆದದ್ದು ಬಲಿಷ್ಠನಾದ ಅರಸನ ಮುಂದೆ. ಷರತ್ತನ್ನು ಮೀರಿದವನು ಮೊದಲು ರಾಜದ್ರೋಹಿ. ಸಂಘಕ್ಕೂ ಸಮುದಾಯಕ್ಕೂ ದ್ರೋಹಿಯೆನಿಸುವುದು ಆಮೇಲೆ. ಅಂಥ ಅರಸನಿಲ್ಲದಾಗ ಏನು ಗತಿ?

ಆ ಪ್ರಶ್ನೆಗೆ ಉತ್ತರ ಹಳೇಬೀಡಿನಲ್ಲಿದೆ. 1311ರಲ್ಲಿ ಮಲ್ಲಿಕಾಫರನ ದಂಡು ದೋರಸಮುದ್ರಕ್ಕೆ ಬಂದದ್ದು, ಅನಂತರ ದೆಹಲಿಯ ಇನ್ನೊಂದು ದಂಡು ಅದನ್ನು ಹಾಳುಗೆಡವಿದ್ದು, ರಾಜಧಾನಿ ಹಳ್ಳಿಯಾದದ್ದು ಎಲ್ಲರೂ ಬಲ್ಲ ಕತೆ. ವಿಜಯನಗರದ ಕಾಲದಲ್ಲಿ ಈ ಸೀಮೆ ಬೇಲೂರಿನ ನಾಯಕರ ಕೈಗೆ ಬಂದಿತು. 1565ರ ಯುದ್ಧದ ಮೇಲೆ ವಿಜಯನಗರದ ದೊರೆಗಳು ಪೆನುಗೊಂಡೆ, ಚಂದ್ರಗಿರಿ, ವೇಲೂರುಗಳೆಂದು ಅಲೆಯುವಂತಾಯಿತು. ಹೆಸರಿಗೆ ಸಾಮ್ರಾಜ್ಯ ಉಳಿಯಿತು, ನಾಯಕರು ಮಾತ್ರ ತಮ್ಮತಮ್ಮ ಪಾಡಿಗೆ ತಾವಾದರು. 1638ನೆಯ ಇಸವಿಯನ್ನು ತೆಗೆದುಕೊಳ್ಳೋಣ. ಆ ವರ್ಷ ಬಿಜಾಪುರದ ರಣದುಲ್ಲಾಖಾನನ ಸೈನ್ಯ ಕೆಂಪೇಗೌಡನಿಂದ ಬೆಂಗಳೂರನ್ನು ಕಸಿದುಕೊಂಡಿತು. ಆ ವರ್ಷವೇ ಮೈಸೂರಿನಲ್ಲಿ ಕಂಠೀರವ ನರಸರಾಜ ಒಡೆಯರು ಪಟ್ಟಕ್ಕೆ ಬಂದರು. ಪಶ್ಚಿಮದಲ್ಲಿ ಇಕ್ಕೇರಿಯ ನಾಯಕರು ಪ್ರಬಲರಾಗಿದ್ದರು. ಬೇಲೂರಿನಲ್ಲಿ ವೆಂಕಟಾದ್ರಿನಾಯಕನೆಂಬವನು ಈ ಮೂವರ ನಡುವೆ ಆಳುತ್ತಿದ್ದನು. ನಾಳೆ ಈ ಸೀಮೆ ಯಾರದೆಂಬುದನ್ನು ಖಂಡಿತವಾಗಿ ಹೇಳಬಲ್ಲವರು ಇರಲಿಲ್ಲ.

ಹೀಗಿರಲು ಬೇಲೂರಿನಿಂದ ಹತ್ತು ಮೈಲಿಯ ಹಳೇಬೀಡಿನಲ್ಲಿ ಒಂದು ಕಂಬದ ವಿಷಯವಾಗಿ ತಕರಾರು ಎದ್ದಿತು.

ಕಂಬವಿದ್ದದ್ದು ವಿಜಯ ಪಾರ್ಶ್ವನಾಥನ ಬಸದಿಯಲ್ಲಿ. ಹೊಯ್ಸಳೇಶ್ವರನ ಗುಡಿಯನ್ನು ನೋಡಲು ಹೋದವರು ಸ್ವಲ್ಪ ದಕ್ಷಿಣಕ್ಕೆ ನಡೆದರೆ, ಬಸ್ತಿಹಳ್ಳಿಯೆಂದು ಹೆಸರಾದ ಭಾಗದಲ್ಲಿ ಸಾಲಾಗಿ ಮೂರು ಬಸದಿಗಳನ್ನು ಕಾಣಬಹುದು. ಅವುಗಳಲ್ಲಿ ದೊಡ್ಡದು ಇದು. ವಿಷ್ಣುವರ್ಧನನ ದಂಡನಾಯಕ ಗಂಗರಾಜನು ತೀರಿಕೊಂಡ ಮೇಲೆ ಅವನ ಮಗ ಬೊಪ್ಪನು ತಂದೆಯ ನೆನಪಿಗಾಗಿ 1133ರಲ್ಲಿ ಕಟ್ಟಿಸಿದ್ದು. ಪ್ರತಿಷ್ಠೆಯ ಪ್ರಸಾದವನ್ನು ಅರಸನ ಬಳಿಗೆ ಒಯ್ದಾಗ, ಅವನು ಯುದ್ಧದಲ್ಲಿ ಗೆದ್ದಿದ್ದನು, ಮಗನೂ ಹುಟ್ಟಿದ್ದನು; ಆ ಸಂತೋಷದಲ್ಲಿ ದೇವರಿಗೆ ವಿಜಯ ಪಾರ್ಶ್ವನೆಂದೂ ಮಗುವಿಗೆ ವಿಜಯ ನರಸಿಂಹನೆಂದೂ ಹೆಸರಿಟ್ಟನೆಂದು ಶಾಸನ ಹೇಳುತ್ತದೆ. ಕೇಶವನ ಗುಡಿ ಕಟ್ಟಿಸಿದ ವಿಷ್ಣುಭಕ್ತನಾದ ಅರಸನೇ ಇವನು ಎಂಬುದನ್ನು ಮರೆಯಬಾರದು. ಅಂದಿನಿಂದ ಐದು ಶತಮಾನ ಕಳೆದಿತ್ತು. ಅರಮನೆ ಮಣ್ಣಾಗಿತ್ತು, ಬಸದಿ ನಿಂತಿತ್ತು. ಆದರೆ ಅರಸರೂ ದಂಡನಾಯಕರೂ ಜೈನರಾಗಿದ್ದ ಕಾಲ ಹೋಗಿ, ಊರಿನಲ್ಲಿ ವೀರಶೈವರೇ ಪ್ರಬಲರಾಗಿದ್ದರು. ಹಳೇಬೀಡಿಗೆ ಹತ್ತಿರದ ಪುಷ್ಪಗಿರಿ ಅವರ ಗುರುಪೀಠ.

ಹುಚ್ಚಪ್ಪದೇವರೆಂಬ ವೀರಶೈವರು ಆ ಬಸದಿಯ ಕಂಬಗಳ ಮೇಲೆ ಲಿಂಗಮುದ್ರೆಯನ್ನು ಹಾಕಿದರು. ವಿಜಯಪ್ಪನೆಂಬ ಜೈನನು ಆ ಮುದ್ರೆಯನ್ನು ಅಳಿಸಿಬಿಟ್ಟನು.

ಘಟನೆ ಇಷ್ಟೇ. ಆದರೆ ಇದರ ಅರ್ಥವನ್ನು ಎರಡು ಕಡೆಯಿಂದಲೂ ನೋಡಬೇಕು. ಮುದ್ರೆ ಹಾಕುವುದೆಂದರೆ ಆಸ್ತಿಯನ್ನು ತನ್ನದೆನ್ನುವುದು. ಹೊಲದ ಎಲ್ಲೆಯಲ್ಲಿ ಲಿಂಗಮುದ್ರೆಯ ಕಲ್ಲು ನೆಟ್ಟರೆ ಅದು ಶಿವನ ಭೂಮಿಯೆಂದು ಎಲ್ಲರಿಗೂ ತಿಳಿಯುತ್ತಿತ್ತು. ಜೈನರಿಗೆ ಇದು ಬಸದಿಯನ್ನೇ ಕಳೆದುಕೊಳ್ಳುವ ಮುನ್ಸೂಚನೆಯಾಗಿ ಕಂಡಿದ್ದರೆ ಆಶ್ಚರ್ಯವಿಲ್ಲ. ಆದರೆ ಹಾಕಿದ ಮೇಲೆ ಲಿಂಗ ಲಿಂಗವೇ. ಅದನ್ನು ಉಜ್ಜಿ ಅಳಿಸುವುದೆಂದರೆ ಊರಿನ ಬಹುಜನರ ದೇವರ ಮೇಲೆ ಕೈಯಿಟ್ಟಂತೆ. ಮೊದಲ ತಪ್ಪು ಒಬ್ಬನದು, ಎರಡನೆಯ ತಪ್ಪು ಇನ್ನೊಬ್ಬನದು. ಗಲಭೆಗಳೆಲ್ಲ ಎರಡನೆಯ ತಪ್ಪಿನಿಂದ ಲೆಕ್ಕ ಹಿಡಿಯುತ್ತವೆಂಬುದು ಪತ್ರಿಕೆ ಓದುವವರಿಗೆ ಗೊತ್ತಿರುವ ಸಂಗತಿ.

ಅಬ್ಬಲೂರಿನಲ್ಲಿ ಆದದ್ದು ಇಲ್ಲಿಯೂ ಆಗಬಹುದಾಗಿತ್ತು. ಆಗಲಿಲ್ಲ. ಬೇಲೂರು ರಾಜ್ಯದ ಜೈನಸೆಟ್ಟಿಗಳು ಒಟ್ಟಾಗಿ ಬಂದು ವೀರಶೈವರ ಮಹಾಮಹತ್ತಿಗೆ ಬಿನ್ನಹ ಮಾಡಿಕೊಂಡರು. ಮಹಾಮಹತ್ತೆಂದರೆ ಗುರುಗಳೂ ಹಿರಿಯರೂ ಕೂಡಿದ ಸಭೆ. ಹಳೇಬೀಡಿನ ಮತ್ತು ಪುಷ್ಪಗಿರಿಯ ಗುರುಗಳು ಅದರಲ್ಲಿದ್ದರು. ಶಾಸನ ವೆಂಕಟಾದ್ರಿನಾಯಕನ ಆಳಿಕೆಯನ್ನು ಹೇಳುತ್ತದೆ. ಆದರೆ ತೀರ್ಪು ಮಹಾಮಹತ್ತಿನದು. ದೂರು ಕೊಟ್ಟವರು ಎದುರು ಪಕ್ಷದವರ ಸಭೆಗೇ ದೂರು ಕೊಟ್ಟರು. ಇಂದಿನ ವಕೀಲರು ಕೇಳಿದರೆ ತಲೆ ಚಚ್ಚಿಕೊಂಡಾರು! ತನ್ನ ವ್ಯಾಜ್ಯದಲ್ಲಿ ತಾನೇ ನ್ಯಾಯಾಧಿಪತಿಯಾಗಬಾರದೆಂಬುದು ಅವರ ಮೊದಲ ಪಾಠ. ಆದರೆ ಆ ವರ್ಷದ ಹಳೇಬೀಡಿನಲ್ಲಿ ಜೈನಸೆಟ್ಟಿಗಳಿಗೆ ಬೇರೆ ಯಾವ ಬಾಗಿಲಿತ್ತು? ನಾಯಕನಿಂದ ಒಂದು ಅಪ್ಪಣೆಯನ್ನು ಬರೆಸಿಕೊಳ್ಳಬಹುದಾಗಿತ್ತು. ಮುಂದಿನ ವರ್ಷ ನಾಯಕನು ಇರುವನೋ ಇಲ್ಲವೋ! ಮುದ್ರೆ ಹಾಕಿದವರ ಗುರುಗಳಾದರೋ ಇದ್ದೇ ಇರುತ್ತಾರೆ. ವ್ಯಾಪಾರದ ಜನ, ಯಾರ ಹುಂಡಿ ಚಲಾವಣೆಯಾಗುತ್ತದೆಂಬುದನ್ನು ಬಲ್ಲವರು.

ಮಹಾಮಹತ್ತು ಕೊಟ್ಟ ಫೈಸಲು ಹೀಗೆ. ಮೊದಲು ವಿಭೂತಿಯನ್ನೂ ವೀಳ್ಯವನ್ನೂ ಕೊಡಿಸಿ, ಅನಂತರ ಜೈನರು ವಿಜಯ ಪಾರ್ಶ್ವನಾಥನಿಗೆ ಪೂಜೆ, ಅಭಿಷೇಕ, ದೀಪಾರಾಧನೆ ಮೊದಲಾದ ಸಕಲ ಸೇವೆಗಳನ್ನು ಪೂರ್ವಮರ್ಯಾದೆಯಂತೆ ಚಂದ್ರಸೂರ್ಯರಿರುವವರೆಗೆ ನಡೆಸಿಕೊಂಡು ಬರಬಹುದು. ಇದನ್ನು ಕಲ್ಲಿನ ಮೇಲೆ ಬರೆಯಿಸಿ ಕೊಟ್ಟರು. ಬಿ. ಎಲ್. ರೈಸ್ ಅವರು ಹಾಸನ ಜಿಲ್ಲೆಯ ಶಾಸನಗಳನ್ನು 1902ರಲ್ಲಿ ಅಚ್ಚುಮಾಡಿಸಿದ ಸಂಪುಟದಲ್ಲಿ ಬೇಲೂರು ತಾಲ್ಲೂಕಿನ 128ನೆಯದಾಗಿ ಇದು ದೊರೆಯುತ್ತದೆ.

ಈ ಷರತ್ತಿನ ಮೊದಲ ಭಾಗವನ್ನು ಓದುವಾಗ ಮನಸ್ಸು ಸ್ವಲ್ಪ ಮುದುಡಿಕೊಳ್ಳುತ್ತದೆ. ತನ್ನ ದೇವರನ್ನು ತನ್ನ ಬಸದಿಯಲ್ಲಿ ಪೂಜಿಸುವುದಕ್ಕೆ ಮುಂಚೆ ಇನ್ನೊಂದು ಮತದ ವಿಭೂತಿಗೆ ಮರ್ಯಾದೆ ಸಲ್ಲಿಸಬೇಕೆಂದರೆ ಅದು ಸಮಾನರ ನಡುವಿನ ಕರಾರಲ್ಲ. ಮುದ್ರೆ ಹಾಕಿದವರು ಜೈನರ ದೇವರಿಗೆ ಪ್ರತಿಯಾಗಿ ಏನು ಕೊಡಬೇಕೆಂದು ಷರತ್ತಿನಲ್ಲಿ ಇಲ್ಲ. ಮತಸಹಿಷ್ಣುತೆಗೆ ಉದಾಹರಣೆಯಾಗಿ ಈ ಶಾಸನವನ್ನು ಉಲ್ಲೇಖಿಸುವ ನಮ್ಮ ಗ್ರಂಥಕರ್ತರು ಈ ಭಾಗವನ್ನು ಬೇಗ ದಾಟಿಬಿಡುತ್ತಾರೆ, ಅದು ಸರಿಯಲ್ಲ. ಬೆಲೆ ತೆತ್ತವರು ಯಾರೆಂಬುದನ್ನು ಮುಚ್ಚಿಟ್ಟು ಶಾಂತಿಯನ್ನು ಹೊಗಳುವುದು ಚರಿತ್ರೆಯಲ್ಲ.

ಇನ್ನೊಂದು ಮಾತೂ ಉಂಟು. ವೀಳ್ಯವೆಂಬುದು ನಮ್ಮ ಸೀಮೆಯಲ್ಲಿ ಬರಿಯ ಎಲೆಯಡಿಕೆಯಲ್ಲ. ಮದುವೆಯ ನಿಶ್ಚಯ ಆಗುವುದು ವೀಳ್ಯದಿಂದ, ಜಗಳ ಮುಗಿಯುವುದು ವೀಳ್ಯದಿಂದ. ಅಗ್ರತಾಂಬೂಲ ಯಾರಿಗೆ ಸಲ್ಲಬೇಕೆಂಬ ಒಂದೇ ವಿಷಯಕ್ಕೆ ಹಳ್ಳಿಗಳು ಎರಡಾಗಿ, ತಲೆಮಾರುಗಳ ಕಾಲ ಕೋರ್ಟು ಹತ್ತಿದ್ದನ್ನು ಕೇಳಿದ್ದೇವೆ. ಬಹುಶಃ ಮಹಾಮಹತ್ತಿನ ಹಿರಿಯರ ಲೆಕ್ಕ ಹೀಗಿದ್ದಿತು: ಅಳಿಸಿದ ಲಿಂಗಮುದ್ರೆಗೆ ಸಮಾಧಾನವಾಗಬೇಕು, ಅದಿಲ್ಲದೆ ತಮ್ಮ ಜನ ಸುಮ್ಮನಿರರು. ಮುದ್ರೆಯನ್ನು ಮತ್ತೆ ಹಾಕಿಸಿದರೆ ಬಸದಿ ಹೋದಂತೆಯೇ. ಆದುದರಿಂದ ಕಂಬದ ಮೇಲಿದ್ದ ಮರ್ಯಾದೆಯನ್ನು ತಟ್ಟೆಗೆ ಇಳಿಸಿದರು. ಕಂಬ ಜೈನರದಾಗಿ ಉಳಿಯಿತು, ತಟ್ಟೆಯ ಎಲೆ ಶಿವನದಾಯಿತು. ಕಲ್ಲಿನ ಮೇಲೆ ಶಾಶ್ವತವಾಗಿ ಉಳಿಯುವ ಗುರುತಿಗೆ ಬದಲಾಗಿ ಸಾಯಂಕಾಲಕ್ಕೆ ಬಾಡುವ ಎಲೆ! ಇದು ನನ್ನ ಊಹೆ. ಶಾಸನ ಕಾರಣವನ್ನು ವಿವರಿಸುವುದಿಲ್ಲ. ಆದರೆ ಹಳ್ಳಿಯ ಪಂಚಾಯ್ತಿಕಟ್ಟೆಯಲ್ಲಿ ಕುಳಿತು ನೋಡಿದವರಿಗೆ ಈ ಊಹೆ ವಿಚಿತ್ರವಾಗಿ ತೋರಲಾರದು.

ಶಾಸನದ ಕಡೆಯ ಭಾಗ ಎಲ್ಲಕ್ಕಿಂತ ಮುಖ್ಯ. ಈ ಜೈನಧರ್ಮಕ್ಕೆ ಅಡ್ಡಿ ಮಾಡಿದವನಿಗೆ ಏನು ಗತಿಯೆಂಬುದನ್ನು ಹೇಳುವ ಭಾಗ ಅದು. ಅಂಥವನು ಮಹಾಮಹತ್ತಿನ ಪಾದಕ್ಕೆ ಹೊರಗು. ಶಿವನಿಗೆ ದ್ರೋಹಿ, ಜಂಗಮಕ್ಕೆ ದ್ರೋಹಿ. ವಿಭೂತಿ ರುದ್ರಾಕ್ಷಿಗಳಿಗೂ, ಕಾಶಿ ರಾಮೇಶ್ವರಗಳ ಲಿಂಗಗಳಿಗೂ ತಪ್ಪಿದವನು. 1368ರ ಶಾಸನದಲ್ಲಿದ್ದಂತೆ ರಾಜದ್ರೋಹವನ್ನು ಇಲ್ಲಿ ಮುಂದಿಡಲಿಲ್ಲ. ಬಸದಿಯ ಪೂಜೆಗೆ ಅಡ್ಡ ಬಂದ ವೀರಶೈವನು ವೀರಶೈವನಾಗಿಯೇ ಉಳಿಯುವುದಿಲ್ಲ ಎಂದು ವೀರಶೈವ ಗುರುಗಳು ತಮ್ಮ ಕೈಯಾರೆ ಬರೆದುಕೊಟ್ಟರು. ಜೈನಸೆಟ್ಟಿಗಳು ಒಟ್ಟಾಗಿ ಬಂದು ಸೇರಿ ಪಡೆದುಕೊಂಡ ವಸ್ತು ಇದು. ವಿಭೂತಿವೀಳ್ಯ ಅದಕ್ಕೆ ಕೊಟ್ಟ ಕ್ರಯ. ಕ್ರಯ ಹೆಚ್ಚಾಯಿತೆ? ಇಂದು ಓದುವ ನನಗೆ ಹೆಚ್ಚಾಯಿತೆಂದು ತೋರುತ್ತದೆ. ಬಿಜಾಪುರದ ಕುದುರೆಗಳ ಸದ್ದು ಕೇಳಿಸುತ್ತಿದ್ದ ವರ್ಷದಲ್ಲಿ, ಬಸದಿಯ ಬೀಗದ ಕೈ ಕೈಯಲ್ಲಿದ್ದ ಸೆಟ್ಟಿಗೆ ಏನೆನಿಸಿತೋ!

ಯೂರೋಪಿನ ಚರಿತ್ರೆಯನ್ನು ಓದಿದವರಿಗೆ ಇಲ್ಲಿ ಒಂದು ಹೋಲಿಕೆ ನೆನಪಾಗದಿರದು. ಹಳೇಬೀಡಿನ ಹಿರಿಯರು ಸೇರಿದ್ದ ಹೊತ್ತಿಗೆ ಜರ್ಮನ್ ದೇಶದಲ್ಲಿ ಕ್ಯಾಥೊಲಿಕರಿಗೂ ಪ್ರಾಟೆಸ್ಟೆಂಟರಿಗೂ 1618ರಲ್ಲಿ ಹತ್ತಿದ ಯುದ್ಧ ಇನ್ನೂ ಉರಿಯುತ್ತಿತ್ತು. ಅದು ಆರಿದ್ದು 1648ರಲ್ಲಿ. ಫ್ರಾನ್ಸಿನಲ್ಲಿ ನಾಲ್ಕನೆಯ ಹೆನ್ರಿ 1598ರಲ್ಲಿ ನಾಂತ್ ಎಂಬಲ್ಲಿ ಹೊರಡಿಸಿದ ಆಜ್ಞೆಯಿಂದ ಪ್ರಾಟೆಸ್ಟೆಂಟರಿಗೆ ರಕ್ಷಣೆ ದೊರೆತಿತ್ತು. ಷರತ್ತುಗಳನ್ನು ನೋಡಿದರೆ ಅದು ಹಳೇಬೀಡಿನ ಫೈಸಲಿಗಿಂತ ಎಷ್ಟೋ ಉದಾರವಾದದ್ದು. ಆದರೆ ಕೊಟ್ಟವನು ಅರಸ. ಅವನ ಮೊಮ್ಮಗನಾದ ಹದಿನಾಲ್ಕನೆಯ ಲೂಯಿ 1685ರಲ್ಲಿ ಒಂದು ರುಜುವಿನಿಂದ ಅದನ್ನು ಹಿಂದಕ್ಕೆ ತೆಗೆದುಕೊಂಡನು. ಹಳೇಬೀಡಿನ ಕಲ್ಲನ್ನು ಹಿಂದಕ್ಕೆ ತೆಗೆದುಕೊಳ್ಳಬೇಕಾದರೆ ಒಬ್ಬ ನಾಯಕನ ರುಜು ಸಾಲದು.

ಇಷ್ಟು ಹೇಳಿದ ಮೇಲೆ ಆ ಸಭೆಯನ್ನು ಪ್ರಜಾಸಭೆಯೆಂದು ತಪ್ಪು ತಿಳಿಯಬಾರದು. ಹಳೇಬೀಡಿನ ಒಕ್ಕಲಿಗನನ್ನು, ಕುಂಬಾರನನ್ನು, ಊರ ಹೊರಗಿನ ಕೇರಿಯವನನ್ನು ಯಾರೂ ಕೇಳಲಿಲ್ಲ. ಹೆಂಗಸರ ಮಾತಂತೂ ದೂರ. ಈ ಮಟ್ಟಿಗೆ ಬುಕ್ಕರಾಯನ ಸಭೆಯೇ ವಿಶಾಲವಾದದ್ದು; ಜಾಂಬವಕುಲದವರ ಹೆಸರಾದರೂ ಅಲ್ಲಿ ಬಂದಿತು. ಮಹಾಮಹತ್ತು ಒಳ್ಳೆಯ ಮನಸ್ಸಿನಿಂದ ಕುಳಿತದ್ದು ಜೈನರ ಅದೃಷ್ಟ. ಬೇರೆ ಗುರುಗಳಿದ್ದಿದ್ದರೆ, ಬೇರೆ ವರ್ಷವಾಗಿದ್ದರೆ, ಅಬ್ಬಲೂರಿನ ಕತೆಯೇ ಮರುಕಳಿಸಬಹುದಾಗಿತ್ತು. ಮೆಟ್ಕಾಫನ ಪುಟ್ಟ ಗಣರಾಜ್ಯವನ್ನು ನಾನು ಇಲ್ಲಿ ಕಾಣಲಾರೆ.

ಮೈಸೂರು ಸಂಸ್ಥಾನದಲ್ಲಿ ಹೊಸ ಬಗೆಯ ಸ್ಥಳೀಯ ಸಂಸ್ಥೆಗಳು ಬಂದವು. 1862ರಲ್ಲಿ ಬೆಂಗಳೂರು ಮೈಸೂರುಗಳಿಗೆ ಪುರಸಭಾ ಸಮಿತಿಗಳು, 1902ರಲ್ಲಿ ಲೋಕಲ್ ಬೋರ್ಡುಗಳ ಕಾನೂನು, 1926ರಲ್ಲಿ ಗ್ರಾಮ ಪಂಚಾಯ್ತಿಗಳ ಕಾನೂನು ಹೀಗೆ ಒಂದೊಂದಾಗಿ. ಇವುಗಳಿಗೆ ಒಪ್ಪಿಸಿದ್ದು ದೀಪ, ಚರಂಡಿ, ರಸ್ತೆ, ಸಂತೆ, ಬಾವಿ, ಪ್ಲೇಗಿನ ಕಾಲದಲ್ಲಿ ನೈರ್ಮಲ್ಯ. ಹಳೆಯ ನಗರವೂ ಮಹಾಜನಗಳೂ ಮಾಡುತ್ತಿದ್ದ ಕೆಲಸದಲ್ಲಿ ನೀರು ಎಣ್ಣೆಗಳ ಭಾಗ ಇವುಗಳಿಗೆ ಬಂದಿತು. ಮಾನಮರ್ಯಾದೆಗಳ ಭಾಗ ಬರಲಿಲ್ಲ. ದೇವಾಲಯಗಳು ಮುಜರಾಯಿ ಇಲಾಖೆಗೆ ಹೋದವು, ಶಾಂತಿಪಾಲನೆ ಅಮಲ್ದಾರರಿಗೂ ಪೋಲೀಸಿಗೂ ಹೋಯಿತು, ವ್ಯಾಜ್ಯಗಳು ಕೋರ್ಟಿಗೆ ಹೋದವು. ಇದರಿಂದ ಲಾಭವೇ ಹೆಚ್ಚು. ದುರ್ಬಲನಾದವನು ಪ್ರಬಲನ ಕಟ್ಟೆಗೇ ಹೋಗಿ ಬಿನ್ನಹ ಮಾಡಿಕೊಳ್ಳಬೇಕಾದ ಸ್ಥಿತಿ ತಪ್ಪಿತು. ಪೂಜೆಯ ಹಕ್ಕಿಗೆ ವೀಳ್ಯದ ಕ್ರಯ ಕೊಡಬೇಕಾಗಿಲ್ಲ. 1950ರಲ್ಲಿ ಜಾರಿಗೆ ಬಂದ ಸಂವಿಧಾನ ಆ ಹಕ್ಕನ್ನು ಯಾರ ದಾಕ್ಷಿಣ್ಯಕ್ಕೂ ಬಿಡದೆ ಬರೆದಿಟ್ಟಿದೆ.

ಆದರೆ ಒಂದು ನಷ್ಟವೂ ಆಯಿತು; ಅದನ್ನು ಬೇಲೂರಿನಲ್ಲಿಯೇ ಕಾಣಬಹುದು. ಚೆನ್ನಕೇಶವನ ರಥೋತ್ಸವದ ಸಮಯದಲ್ಲಿ ಊರಿನ ಖಾಜಿ ಬಂದು ಕುರಾನಿನ ಭಾಗವನ್ನು ಪಠಿಸುವ ವಾಡಿಕೆ ಅಲ್ಲಿ ಬೆಳೆದು ಬಂದಿತ್ತು. 2022ರಲ್ಲಿ ಇದು ನಡೆಯಕೂಡದೆಂದು ಕೆಲವು ಸಂಘಟನೆಗಳು ತಕರಾರು ಎತ್ತಿದವು. ವಿಷಯ ಇಲಾಖೆಯ ಕಡತಕ್ಕೆ ಹೋಯಿತು. ವಾಡಿಕೆಯಂತೆ ನಡೆಯಲೆಂದು ಇಲಾಖೆ ಅನುಮತಿ ಕೊಟ್ಟಿತು. 2023ರಲ್ಲಿ ಮತ್ತೆ ಅದೇ ವಾದ, ಮತ್ತೆ ಪ್ರತಿಭಟನೆ, ಮತ್ತೆ ಕಡತ. ಆ ವಾಡಿಕೆ ಎಷ್ಟು ಹಳೆಯದು, ಅದಕ್ಕೆ ಬರಹದ ಆಧ್ಯಾರ ಏನು ಎಂದು ಎರಡು ಪಕ್ಷದವರೂ ಹಳೆಯ ಕಾಗದಗಳನ್ನು ಹುಡುಕಲು ಹೊರಟರು. ಪೂರ್ವಮರ್ಯಾದೆ ಎಂಬ ಮಾತಿನ ಮೇಲೆಯೇ ಎಲ್ಲವೂ ನಿಂತಿತು. 1638ರಲ್ಲಿಯೂ ಅದರ ಮೇಲೆಯೇ ನಿಂತದ್ದು.

ವ್ಯತ್ಯಾಸವಿಷ್ಟೇ. ಹಳೇಬೀಡಿನಲ್ಲಿ ಪೂರ್ವಮರ್ಯಾದೆಯನ್ನು ನಿರ್ಣಯಿಸಿದವರು ಮರುದಿನ ಅದೇ ಬೀದಿಯಲ್ಲಿ ಓಡಾಡಬೇಕಾದವರು. ಜೈನಸೆಟ್ಟಿಯ ಅಂಗಡಿಯಲ್ಲಿ ಸಾಮಾನು ಕೊಳ್ಳುವವರು, ಅವನಿಗೆ ಸಾಲ ತೀರಿಸಬೇಕಾದವರು. ಅವರು ಕೊಟ್ಟ ಮಾತಿಗೆ ಅವರ ಮುಖವೇ ಜಾಮೀನು. ಇಲಾಖೆಯ ಅಪ್ಪಣೆ ನ್ಯಾಯವಾದದ್ದೇ ಆಗಿರಲಿ, ಅದನ್ನು ಬರೆದ ಅಧಿಕಾರಿಗೆ ಮುಂದಿನ ವರ್ಷ ವರ್ಗವಾಗಿರುತ್ತದೆ. ಬೇಲೂರಿನಲ್ಲಿ ಆಯ್ಕೆಯಾಗಿ ಬಂದ ಪುರಸಭೆಯುಂಟು. ಎಲ್ಲ ಮತದವರೂ ಅದಕ್ಕೆ ಓಟು ಕೊಡುತ್ತಾರೆ, ಮಹಾಮಹತ್ತಿಗಿಲ್ಲದಿದ್ದ ಅಧಿಕಾರ ಅದಕ್ಕೆ ಈ ಅರ್ಥದಲ್ಲಿ ಇದೆ. ಆದರೆ ಇಂಥ ವಿಷಯವನ್ನು ಅದರ ಮುಂದೆ ಇಡಬೇಕೆಂದು ಕಾನೂನು ಹೇಳುವುದಿಲ್ಲ. ಇಟ್ಟರೆ ಒಳ್ಳೆಯದಾಗುತ್ತಿತ್ತೆ ಎಂದು ಕೇಳಿದರೆ ನಾನು ಕೂಡಲೆ ಹೌದೆನ್ನಲಾರೆ. ಚುನಾವಣೆಯ ವರ್ಷದಲ್ಲಿ ಕೌನ್ಸಿಲರ ಧೈರ್ಯ ಎಷ್ಟೆಂಬುದನ್ನು ನಾವೆಲ್ಲ ಬಲ್ಲೆವು. ಮಹಾಮಹತ್ತಿನ ಹಿರಿಯರು ಆ ಫೈಸಲನ್ನು ಕೊಟ್ಟದ್ದು ತಮ್ಮ ಜನರನ್ನು ಮೆಚ್ಚಿಸುವುದಕ್ಕಲ್ಲ; ತಮ್ಮ ಜನರ ಕೈಕಟ್ಟುವುದಕ್ಕೆ. ಆ ಕೆಲಸಕ್ಕೆ ಬೇಕಾದ ಸ್ಥೈರ್ಯ ಓಟಿನಿಂದ ಬರುತ್ತದೆಯೇ, ಪೀಠದಿಂದ ಬರುತ್ತದೆಯೇ, ಅಥವಾ ಒಂದೇ ಊರಿನಲ್ಲಿ ಬಹುಕಾಲ ಬಾಳಿದ್ದರಿಂದ ಬರುತ್ತದೆಯೇ ಎಂಬುದು ನನಗೆ ಇನ್ನೂ ಬಗೆಹರಿದಿಲ್ಲ.

ಹಳೇಬೀಡಿಗೆ ಹೋಗುವವರು ಹೊಯ್ಸಳೇಶ್ವರನ ಗುಡಿಯಿಂದ ಬಸ್ತಿಹಳ್ಳಿಯವರೆಗೆ ನಡೆಯುವ ಶ್ರಮವನ್ನು ತೆಗೆದುಕೊಳ್ಳಬೇಕು. ಪಾರ್ಶ್ವನಾಥನ ಮೂರ್ತಿ ಅಲ್ಲಿಯೇ ನಿಂತಿದೆ. ನವರಂಗದ ಕಂಬಗಳನ್ನು ಕಡೆದು ಕನ್ನಡಿಯಂತೆ ಮಾಡಿದ್ದಾರೆ; ಕಾವಲಿನವನು ಪ್ರೇಕ್ಷಕರನ್ನು ಕರೆದು, ಹಿಂದೆ ಮುಂದೆ ನಿಲ್ಲಿಸಿ, ಕಂಬದಲ್ಲಿ ಅವರವರ ನೆರಳನ್ನು ತೋರಿಸುತ್ತಾನೆ. ಶಾಸನದ ವಿಷಯವನ್ನು ಕೇಳುವವರು ಕಡಮೆ.